ಮೈನ್‌ಕ್ರಾಫ್ಟ್‌ನಲ್ಲಿ ಪಾಠ: ಆಕ್ಷೇಪಿಸುವವರಿಗೆ ಉತ್ತರ

ಆನ್‌ಲೈನ್‌ನಲ್ಲಿ, ಮೈನ್‌ಕ್ರಾಫ್ಟ್ ಆಟದೊಳಗೆ, ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುವುದು ನನ್ನ ಕೆಲಸ. ಈ ಕೆಲಸಕ್ಕೆ ಬರುವ ಆಕ್ಷೇಪಗಳು ಒಂದೆರಡಲ್ಲ. ಪಾಲಕರು ನೇರವಾಗಿ ಕೇಳುತ್ತಾರೆ, ಶಾಲೆಯ ಮೇಷ್ಟ್ರುಗಳು ಸುತ್ತುಬಳಸಿ ಕೇಳುತ್ತಾರೆ, ಶಿಕ್ಷಣ ತಜ್ಞರು ಬರೆದು ಕೇಳುತ್ತಾರೆ. ಕೆಲವು ಆಕ್ಷೇಪಗಳಲ್ಲಿ ಗಟ್ಟಿ ಕಾಳಿದೆ. ಕೆಲವು ಪಾಠ ನೋಡದೆಯೇ ಆಡಿದ ಮಾತುಗಳು. ಎಲ್ಲಕ್ಕೂ ಉತ್ತರ ಕೊಡುತ್ತೇನೆ. ಗಟ್ಟಿಯಾದದ್ದಕ್ಕೆ ಹೆಚ್ಚು ಜಾಗ ಬೇಕು.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಮೈನ್‌ಕ್ರಾಫ್ಟ್ ಎಂದರೆ ಒಂದೊಂದು ಮೀಟರ್ ಉದ್ದ, ಅಗಲ, ಎತ್ತರದ ಬ್ಲಾಕುಗಳಿಂದಲೇ ಆದ ಒಂದು ಲೋಕ. ಮಣ್ಣು, ಕಲ್ಲು, ಮರ, ಎಲ್ಲವೂ ಬ್ಲಾಕು. ಅಗೆಯಬಹುದು, ಜೋಡಿಸಬಹುದು, ಕೆಡವಿ ಮತ್ತೆ ಕಟ್ಟಬಹುದು. ಗೆಲ್ಲಲೇಬೇಕೆಂಬ ಕಟ್ಟುಪಾಡು ಇಲ್ಲ. ಸ್ವೀಡನ್ನಿನ ಮಾರ್ಕುಸ್ ಪರ್ಸನ್ 2009ರಲ್ಲಿ ಇದನ್ನು ಹೊರಬಿಟ್ಟರು, 2011ರಲ್ಲಿ ಪೂರ್ಣ ರೂಪ ಬಂತು. ಅದೇ ಹೊತ್ತಿಗೆ ನ್ಯೂಯಾರ್ಕಿನ ಶಿಕ್ಷಕ ಜೋಯೆಲ್ ಲೆವಿನ್ ಎರಡನೇ ತರಗತಿಯ ಮಕ್ಕಳ ಜೊತೆ ಇದನ್ನು ಬಳಸತೊಡಗಿದ್ದರು. ಫಿನ್ಲೆಂಡಿನ ಗೆಳೆಯರೊಂದಿಗೆ ಸೇರಿ ಅವರು ಶಾಲೆಗಳಿಗಾಗಿ ರೂಪಿಸಿದ ಆವೃತ್ತಿಯನ್ನು 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಅಂದರೆ ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ.

ಮೊದಲ ಆಕ್ಷೇಪ: ಇದು ಮಕ್ಕಳಿಗೆ ಕೊಡುವ ಲಂಚ. ಪಾಠ ಕಹಿ, ಆಟ ಸಿಹಿ, ಸಿಹಿ ತೋರಿಸಿ ಕಹಿ ಕುಡಿಸುತ್ತಿದ್ದೀರಿ ಎಂಬುದು ಇದರ ತಾತ್ಪರ್ಯ. 2016ರಲ್ಲಿ ಬ್ರಿಟನ್ ಸರ್ಕಾರಕ್ಕೆ ತರಗತಿಯ ಶಿಸ್ತಿನ ವಿಚಾರದಲ್ಲಿ ಸಲಹೆ ಕೊಡುತ್ತಿದ್ದ ಟಾಮ್ ಬೆನೆಟ್, ಶಾಲೆಯಲ್ಲಿ ಮೈನ್‌ಕ್ರಾಫ್ಟ್ ಬರೀ ಗಿಮಿಕ್ ಎಂಬರ್ಥದಲ್ಲಿ ಮಾತಾಡಿದ್ದರು. ಇದರ ಬೆನ್ನಿಗೆ ಇನ್ನೂ ಬಲವಾದ ವಾದವೊಂದು ಇದೆ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವಿಲಿಂಗ್‌ಹ್ಯಾಮ್ ಹೇಳುವ ಪ್ರಕಾರ, ಮಗು ಯಾವುದರ ಬಗ್ಗೆ ಯೋಚಿಸುತ್ತದೋ ಅದೇ ಅದರ ನೆನಪಿನಲ್ಲಿ ಉಳಿಯುತ್ತದೆ. ಅವರು ಕೊಡುವ ಉದಾಹರಣೆ ಪ್ರಸಿದ್ಧ: ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡಿದವರ ಚರಿತ್ರೆ ಕಲಿಸಲು ಒಬ್ಬ ಶಿಕ್ಷಕರು, ಹಾಗೆ ಓಡಿದವರು ತಿನ್ನುತ್ತಿದ್ದ ಬಿಸ್ಕೆಟನ್ನು ಮಕ್ಕಳಿಂದ ಮಾಡಿಸಿದರು. ಮಕ್ಕಳು ಆ ಹೊತ್ತಿನಲ್ಲಿ ಯೋಚಿಸಿದ್ದು ಹಿಟ್ಟು, ಹಾಲಿನ ಅಳತೆಯನ್ನು, ಗುಲಾಮಗಿರಿಯನ್ನಲ್ಲ.

ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಸರಿಯಾದ ಉತ್ತರ ಕೊಟ್ಟರೆ ಒಂದು ವಜ್ರ ಎಂದು ಆಟದೊಳಗೆ ಪ್ರಶ್ನೋತ್ತರ ನಡೆಸುವವರಿದ್ದಾರೆ. ಅದು ಲಂಚವೇ. ಚರಿತ್ರೆಯ ಪಾಠ ಎಂದು ಹಂಪಿಯ ಕಲ್ಲಿನ ರಥ ಕಟ್ಟಿಸುವವರಿದ್ದಾರೆ. ಮಕ್ಕಳು ಒಂದು ಗಂಟೆ ಯಾವ ಬಣ್ಣದ ಬ್ಲಾಕು ಚೆನ್ನ ಎಂದು ಹುಡುಕುತ್ತಾರೆ, ವಿಜಯನಗರದ ಬಗ್ಗೆ ಒಂದು ಮಾತೂ ಕಲಿಯುವುದಿಲ್ಲ. ಕೋಡಿಂಗ್ ಕಲಿಸುತ್ತೇವೆಂದು ಸಾವಿರಾರು ರೂಪಾಯಿ ಫೀಸು ಪಡೆದು ಮಕ್ಕಳನ್ನು ಆಟಕ್ಕೆ ಬಿಟ್ಟು ಕೂರುವ ತರಗತಿಗಳೂ ಉಂಟು. ಇವುಗಳ ಮೇಲೆ ಬೆನೆಟ್ ಅವರಿಗೆ ಇರುವಷ್ಟೇ ಸಿಟ್ಟು ನನಗೂ ಇದೆ. ಆದರೆ ವಿಲಿಂಗ್‌ಹ್ಯಾಮ್ ಹೇಳಿದ ಪರೀಕ್ಷೆ ಮೈನ್‌ಕ್ರಾಫ್ಟನ್ನು ಸಾರಾಸಗಟಾಗಿ ಹೊರಗೆ ಹಾಕುವುದಿಲ್ಲ. ಒಂದೊಂದು ಪಾಠವನ್ನೂ ಬೇರೆ ಬೇರೆಯಾಗಿ ಒರೆಗೆ ಹಚ್ಚಿ ನೋಡಬೇಕು ಎನ್ನುತ್ತದೆ. ಹಚ್ಚಿ ನೋಡೋಣ.

ಸೋಮನಾಥಪುರದ ಕೇಶವ ದೇವಾಲಯವನ್ನು ಎತ್ತಿಕೊಳ್ಳಿ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ್ದು. ಬೇಲೂರು, ಹಳೇಬೀಡಿನ ಜೊತೆಗೆ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅದರ ಗರ್ಭಗುಡಿಗಳ ತಳವಿನ್ಯಾಸ 16 ಮೂಲೆಗಳ ನಕ್ಷತ್ರ. ಒಂದೇ ಅಳತೆಯ ನಾಲ್ಕು ಚೌಕಗಳನ್ನು ಒಂದೇ ಕೇಂದ್ರದ ಮೇಲಿಟ್ಟು, ಒಂದೊಂದನ್ನೂ ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸುತ್ತ ಹೋದರೆ ಆ ಆಕಾರ ಬರುತ್ತದೆ. ಕಾಗದದ ಮೇಲೆ ಕೈವಾರ, ಕೋನಮಾಪಕ ಇದ್ದರೆ ಇದು ಸಲೀಸು. ಮೈನ್‌ಕ್ರಾಫ್ಟ್‌ನಲ್ಲಿ ಎರಡೂ ಇಲ್ಲ. ಬ್ಲಾಕನ್ನು ಓರೆಯಾಗಿ ಇಡುವುದಕ್ಕೇ ಬರುವುದಿಲ್ಲ. ಇರುವುದು ನಿರ್ದೇಶಾಂಕ ಒಂದೇ: ತಾನು ನಿಂತ ಜಾಗ ಪೂರ್ವಕ್ಕೆ ಎಷ್ಟು, ದಕ್ಷಿಣಕ್ಕೆ ಎಷ್ಟು ಎಂದು ಪರದೆಯ ಮೇಲೆ ಕಾಣುತ್ತಿರುತ್ತದೆ. ಅಷ್ಟನ್ನೇ ಬಳಸಿ 16 ಮೂಲೆಗಳನ್ನೂ ಕೇಂದ್ರದಿಂದ ಸಮದೂರದಲ್ಲಿ ಗುರುತಿಸಿ ಎಂದು ಮಕ್ಕಳಿಗೆ ಹೇಳಿದೆ.

ಮೊದಲ ಚೌಕದ ಮೂಲೆ ಕೇಂದ್ರದಿಂದ ಪೂರ್ವಕ್ಕೆ 13, ದಕ್ಷಿಣಕ್ಕೆ 13. ಪೈಥಾಗೊರಸ್ ಪ್ರಮೇಯದ ಪ್ರಕಾರ ದೂರದ ವರ್ಗ 169 ಕೂಡು 169, ಅಂದರೆ 338. ಹಾಗಾದರೆ ತಿರುಗಿದ ಚೌಕದ ಮೂಲೆಗೂ ಎರಡು ವರ್ಗಗಳ ಮೊತ್ತ 338 ಆಗಬೇಕು. ಮಕ್ಕಳು ಪೆನ್ಸಿಲ್ ಹಿಡಿದು 1, 4, 9, 16 ಎಂದು ವರ್ಗಗಳ ಪಟ್ಟಿ ಬರೆದುಕೊಂಡು ಜೋಡಿ ಹುಡುಕತೊಡಗಿದರು. ಶಿವಮೊಗ್ಗದ ಏಳನೇ ತರಗತಿ ಹುಡುಗಿಯೊಬ್ಬಳು ಮೈಕ್ ಆನ್ ಮಾಡಿ, “ಮಿಸ್, 17, 7! 289ಕ್ಕೆ 49 ಸೇರ್ಸಿದ್ರೆ 338. ಅದನ್ನೇ ತಿರುವುಮುರುವು ಮಾಡಿದ್ರೆ ಇನ್ನೊಂದು ಚೌಕವೂ ಸಿಕ್ತು” ಅಂದಳು. ಸಿಕ್ಕೇಬಿಟ್ಟಿತು. ಮೂರು ಚೌಕ, 12 ಮೂಲೆ, ಕೇಂದ್ರದಿಂದ ದೂರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತವು. ಉಳಿದದ್ದು ನಾಲ್ಕನೆಯ ಚೌಕ. ಅದರ ಮೂಲೆಗಳು ನೇರ ಪೂರ್ವಕ್ಕೆ, ನೇರ ದಕ್ಷಿಣಕ್ಕೆ ಬರಬೇಕು. ಯಾವ ಸಂಖ್ಯೆಯ ವರ್ಗ 338? ಹದಿನೆಂಟರದ್ದು 324, ಹತ್ತೊಂಬತ್ತರದ್ದು 361. ಹದಿನೆಂಟೂವರೆ ಹಿಡಿದರೆ 342.25. 18.4 ಎಂದರೆ 338.56, 18.38 ಎಂದರೆ ಮತ್ತೆ ಕಡಿಮೆ. “ಮಿಸ್, ಇದು ಎಲ್ಲಿ ನಿಲ್ಲುತ್ತೆ?” ಎಂದು ಅವಳೇ ಕೇಳಿದಳು. ಅಭಾಗಲಬ್ಧ ಸಂಖ್ಯೆ ಎಂಬ ಅಧ್ಯಾಯ ಅವಳ ಪಠ್ಯಪುಸ್ತಕದಲ್ಲಿ ಇನ್ನೂ ಬಂದಿರಲಿಲ್ಲ. ಆ ಅಧ್ಯಾಯ ಉತ್ತರ ಕೊಡಬೇಕಾದ ಪ್ರಶ್ನೆ ಆಗಲೇ ಅವಳ ಬಾಯಲ್ಲಿ ಬಂದಿತ್ತು.

ಈಗ ಆಕ್ಷೇಪಿಸುವವರನ್ನು ಕೇಳುತ್ತೇನೆ: ಆ ಹೊತ್ತಿನಲ್ಲಿ ಅವಳು ಯೋಚಿಸುತ್ತಿದ್ದದ್ದು ಏನನ್ನು? ಬ್ಲಾಕಿನ ಬಣ್ಣವನ್ನಲ್ಲ, 338ನ್ನು. ಕಾಗದದಲ್ಲಿ ಕೈವಾರ ಈ ಪ್ರಶ್ನೆಯನ್ನು ಮುಚ್ಚಿಬಿಡುತ್ತಿತ್ತು. ಕೈವಾರ ತಿರುಗಿಸಿದರೆ ನಾಲ್ಕು ಚೌಕವೂ ಒಂದೇ ಥರ ಕಾಣುತ್ತವೆ. ಪೂರ್ಣಾಂಕ ಬಿಟ್ಟು ಬೇರೇನನ್ನೂ ಒಪ್ಪದ ಬ್ಲಾಕುಗಳು ಅದನ್ನು ಹೊರಗೆಳೆದವು. ಇಲ್ಲಿ ಆಟವನ್ನು ತೆಗೆದರೆ ಪಾಠವೂ ಹೋಗುತ್ತದೆ. ಲಂಚವಾಗಿದ್ದರೆ ಅದನ್ನು ತೆಗೆದ ಮೇಲೂ ಪಾಠ ಉಳಿಯಬೇಕಿತ್ತು.

ಎರಡನೆಯದು, ಆನ್‌ಲೈನ್ ಪಾಠವೇ ಅರೆಬರೆ, ಅದರ ಮೇಲೆ ಆಟ ಬೇರೆ ಎಂಬ ಮಾತು. ಕೋವಿಡ್ ಕಾಲದ ಆನ್‌ಲೈನ್ ತರಗತಿ ನೋಡಿದ ಯಾರಿಗೂ ಈ ಸಿಟ್ಟು ಸಹಜ. ಕ್ಯಾಮೆರಾ ಆಫ್, ಮೈಕ್ ಮ್ಯೂಟ್, ಪರದೆ ತುಂಬ ಹೆಸರು ಬರೆದ ಕಪ್ಪು ಚೌಕಗಳು. “ಅರ್ಥ ಆಯ್ತಾ?” ಎಂದರೆ “ಆಯ್ತು ಮಿಸ್.” ಯಾರಿಗೆ ಅರ್ಥವಾಗಿದೆ, ಯಾರು ತಿಂಡಿ ತಿನ್ನುತ್ತಿದ್ದಾರೆ, ತಿಳಿಯಲು ದಾರಿಯೇ ಇಲ್ಲ. ತರಗತಿಯಲ್ಲಾದರೆ ಬೆಂಚುಗಳ ಮಧ್ಯೆ ನಡೆಯುತ್ತ ನೋಟ್‌ಬುಕ್ಕಿಗೆ ಇಣುಕುತ್ತೇವೆ. ಒಬ್ಬ ಬರೆದು ಅಳಿಸಿದ್ದು, ಇನ್ನೊಬ್ಬಳು ಅರ್ಧಕ್ಕೆ ನಿಲ್ಲಿಸಿದ್ದು, ಎಲ್ಲ ಕಾಣುತ್ತದೆ. ವಿಡಿಯೊ ಕರೆಯಲ್ಲಿ ಶಿಕ್ಷಕರು ಕಳೆದುಕೊಂಡದ್ದು ಈ ಇಣುಕು ನೋಟವನ್ನು. ಮೈನ್‌ಕ್ರಾಫ್ಟ್‌ನೊಳಗೆ ನಾನೂ ಮಕ್ಕಳೂ ಒಂದೇ ಲೋಕದಲ್ಲಿರುತ್ತೇವೆ, ಹಾಗಾಗಿ ಅದು ನನಗೆ ಮರಳಿ ಸಿಗುತ್ತದೆ.

ಸುತ್ತಳತೆಯ ಪಾಠದಲ್ಲಿ ಆದದ್ದು ಹೇಳುತ್ತೇನೆ. 6 ಬ್ಲಾಕು ಉದ್ದ, 4 ಬ್ಲಾಕು ಅಗಲದ ಹೊಲ. ಅದರ ಸುತ್ತ ಕಲ್ಲಿನ ಗೋಡೆ ಕಟ್ಟಬೇಕು. ಎಷ್ಟು ಬ್ಲಾಕು ಬೇಕೋ ಮೊದಲೇ ಲೆಕ್ಕ ಹಾಕಿ ಅಷ್ಟೇ ತೆಗೆದುಕೊಂಡು ಹೋಗಬೇಕು. ಆರನೇ ತರಗತಿಯ ಹುಡುಗನೊಬ್ಬ 20 ತೆಗೆದುಕೊಂಡು ಹೊರಟ. ಸುತ್ತಳತೆಯ ಸೂತ್ರದ ಪ್ರಕಾರ ಅದು ಸರಿ. ಹಾಳೆಯ ಮೇಲೆ ಬರೆದಿದ್ದರೆ ನಾನೂ ಸರಿ ಗುರುತು ಹಾಕಿ ಮುಂದೆ ಹೋಗುತ್ತಿದ್ದೆ. ನಾಲ್ಕೂ ಬದಿ ಕಟ್ಟಿ ಮುಗಿಸಿದ, ನಾಲ್ಕು ಮೂಲೆಗಳೂ ಖಾಲಿ ಉಳಿದವು, ಕೈಯಲ್ಲಿ ಒಂದು ಬ್ಲಾಕೂ ಇಲ್ಲ. ನಾನು ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದೆ. ಅವನು ಗೋಡೆಯ ಸುತ್ತ ಒಂದು ಸುತ್ತು ಓಡಿದ, ನಿಂತ, ಒಂದು ಬದಿಯ ಬ್ಲಾಕುಗಳನ್ನು ಮತ್ತೆ ಎಣಿಸಿದ, ಇನ್ನೊಂದು ಮೂಲೆಗೆ ಹೋಗಿ ನಿಂತ. ಆಮೇಲೆ ಗೋಡೆ ಹತ್ತಿ ಮೇಲಿನಿಂದ ನೋಡಿದ. ಹೊಲದ ಅಂಚು ಬರೀ ಗೆರೆ, ಗೋಡೆಗೆ ದಪ್ಪವಿದೆ, ಮೂಲೆಗೆ ಒಂದೊಂದು ಬ್ಲಾಕು ಹೆಚ್ಚಿಗೆ ಬೇಕು ಎಂಬುದು ನಾನು ಬಾಯಿಬಿಡುವ ಮೊದಲೇ ಅವನಿಗೆ ಹೊಳೆಯಿತು. ಮನೆ ಕಟ್ಟುವ ಗಾರೆ ಕೆಲಸದವರಿಗೆ ದಿನನಿತ್ಯ ಗೊತ್ತಿರುವ ಸಂಗತಿ ಇದು, ಆದರೆ ಸೂತ್ರ ಉರುಹೊಡೆದ ಮಗುವಿಗೆ ಗೊತ್ತಿರುವುದಿಲ್ಲ. ಇದರಿಂದ ಮಗು ಗೊಂದಲಕ್ಕೆ ಬೀಳುತ್ತದೆ, ಪರೀಕ್ಷೆಯಲ್ಲಿ 24 ಎಂದು ಬರೆದರೆ ಏನು ಗತಿ ಎಂದು ಒಬ್ಬ ಮೇಷ್ಟ್ರು ಕೇಳಿದರು. ಗೆರೆ ಯಾವುದು, ಗೋಡೆ ಯಾವುದು ಎಂದು ಬಲ್ಲ ಹುಡುಗ ಪರೀಕ್ಷೆಯಲ್ಲಿ ಗೆರೆಯನ್ನೇ ಅಳೆಯುತ್ತಾನೆ. ಗೊಂದಲ ಮೊದಲೇ ಒಳಗಿತ್ತು, ಸರಿ ಗುರುತಿನ ಕೆಳಗೆ ಅಡಗಿ ಕೂತಿತ್ತು.

ನನ್ನ ಪ್ರಕಾರ ಈ ಪದ್ಧತಿಯ ನಿಜವಾದ ಬಲ ಇಲ್ಲಿದೆ. ಮಕ್ಕಳಿಗೆ ಮಜಾ ಸಿಗುತ್ತದೆ ಎಂಬ ಕಾರಣಕ್ಕಾಗಿ ನಾನು ಇದನ್ನು ಹಿಡಿದಿಲ್ಲ. ದೂರದಲ್ಲಿ ಕೂತ ಮಗುವಿನ ತಲೆಯಲ್ಲಿ ಏನು ನಡೆಯುತ್ತಿದೆ ಎಂಬುದು ಅದರ ಕೈಯ ಕೆಲಸದಲ್ಲಿ ಕಾಣುತ್ತದೆ, ಅದಕ್ಕಾಗಿ ಹಿಡಿದಿದ್ದೇನೆ. ಒಂದು ತರಗತಿಗೆ ಎಂಟು ಮಕ್ಕಳಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ನೋಡಲು ಆಗುವುದಿಲ್ಲ, ನೋಡಲಾಗದಿದ್ದರೆ ಇದಕ್ಕೆ ಅರ್ಥವೂ ಇಲ್ಲ.

ಇನ್ನು ಪರದೆ, ಚಟದ ಮಾತು. ಪಾಲಕರು ಭಯಪಡುವುದು ಇದಕ್ಕೇ, ಭಯ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ವಿಡಿಯೊ ಆಟದ ಗೀಳು ಒಂದು ಕಾಯಿಲೆಯಾಗಿ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ಶಟ್ ಎಂಬ ಕ್ಲಿನಿಕ್ ಇದೆ. ಆಟ ನಿಲ್ಲಿಸಲು ಆಗದಿರುವುದು, ಊಟ, ನಿದ್ದೆ, ಓದು ಎಲ್ಲದಕ್ಕಿಂತ ಆಟವೇ ಮುಂದಾಗುವುದು, ಹಾನಿ ಕಣ್ಣೆದುರು ಕಂಡರೂ ಬಿಡದಿರುವುದು: ಸಾಮಾನ್ಯವಾಗಿ ವರ್ಷಕಾಲ ಹೀಗೆ ನಡೆದರೆ ಅದು ಕಾಯಿಲೆ. ಈ ಲಕ್ಷಣಗಳ ನೆರಳು ಕಂಡರೂ ಆ ಮಗುವನ್ನು ನಾನು ಸೇರಿಸಿಕೊಳ್ಳುವುದಿಲ್ಲ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಎನ್ನುತ್ತೇನೆ. ಹತ್ತು ವರ್ಷದೊಳಗಿನವರನ್ನೂ ಸೇರಿಸುವುದಿಲ್ಲ. ಪಾಠ ಮುಕ್ಕಾಲು ಗಂಟೆ. ಅದರಲ್ಲಿ ಮೊದಲ ಕಾಲು ಗಂಟೆ ಗ್ರಾಫ್ ಹಾಳೆ, ಪೆನ್ಸಿಲ್ಲು. ಪಾಠದ ಲೋಕ ಇರುವುದು ನನ್ನ ಸರ್ವರ್‌ನಲ್ಲಿ. ಮುಗಿದ ಕೂಡಲೇ ಅದನ್ನು ನಿಲ್ಲಿಸುತ್ತೇನೆ, ಮಗು ಮತ್ತೆ ಒಳಗೆ ಬರಲಾರದು. ಮನೆಯಲ್ಲಿ ತನ್ನದೇ ಪ್ರತಿ ಇಟ್ಟುಕೊಂಡು ಆಡುವ ಮಗುವಿಗೆ ಎಷ್ಟು ಹೊತ್ತು ಎಂದು ಹೇಳಬೇಕಾದವರು ಅಪ್ಪ ಅಮ್ಮ. ಆ ಕೆಲಸವನ್ನು ನಾನು ಮಾಡಲಾರೆ, ಮಾಡುತ್ತೇನೆಂದು ಮಾತು ಕೊಡುವುದೂ ಇಲ್ಲ.

ಆಟ ಹುಟ್ಟಿದ ಸ್ವೀಡನ್ನೇ ಪರದೆ ಬಿಟ್ಟು ಪುಸ್ತಕಕ್ಕೆ ಮರಳಿದೆಯಲ್ಲ ಎಂದು ಕೇಳುವವರಿದ್ದಾರೆ. 2023ರಲ್ಲಿ ಅಲ್ಲಿನ ಸರ್ಕಾರ ಶಾಲಾಪೂರ್ವ ಮಕ್ಕಳಿಗೆ ಡಿಜಿಟಲ್ ಸಾಧನ ಕಡ್ಡಾಯವೆಂಬ ನಿಯಮವನ್ನು ಕೈಬಿಡಲು ಹೊರಟಿತು, ಮುದ್ರಿತ ಪಠ್ಯಪುಸ್ತಕ ಕೊಳ್ಳಲು ಹಣ ತೆಗೆದಿಟ್ಟಿತು. ಎರಡೂ ಸರಿಯಾದ ಹೆಜ್ಜೆ. ಪುಟ್ಟ ಮಕ್ಕಳ ಕೈಯಿಂದ ಟ್ಯಾಬ್ಲೆಟ್ ತೆಗೆದು ಪುಸ್ತಕ ಕೊಡುವುದಕ್ಕೂ, ಹನ್ನೆರಡು ವರ್ಷದ ಮಗು ಶಿಕ್ಷಕರ ಜೊತೆ ವಾರಕ್ಕೊಮ್ಮೆ ರೇಖಾಗಣಿತ ಕಟ್ಟುವುದಕ್ಕೂ ವಿರೋಧವಿಲ್ಲ. ಅಳತೆ ಮೀರಿದ್ದನ್ನು ತಡೆಯಲು ಹೋಗಿ ಎಲ್ಲವನ್ನೂ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕವೇ ನೋಡಿದೆ. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಎಲ್‌ಕೆಜಿಯಿಂದ 5ನೇ ತರಗತಿವರೆಗೆ ಆನ್‌ಲೈನ್ ತರಗತಿಯನ್ನು ನಿಷೇಧಿಸಿತು. ಶಾಲೆಗಳ ಬಾಗಿಲು ಮುಚ್ಚಿದ್ದ ಕಾಲ ಅದು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಮಕ್ಕಳ ಶಿಕ್ಷಣದ ಹಕ್ಕಿನ ಪ್ರಶ್ನೆ ಎತ್ತಿ ಹೈಕೋರ್ಟ್ ಜುಲೈ 8ರಂದು ಆ ನಿಷೇಧಕ್ಕೆ ತಡೆ ಕೊಟ್ಟಿತು.

ಆನ್‌ಲೈನ್ ಗೇಮ್ ಎಂದರೆ ಮನೆ ಹಾಳು ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ಸಾಲ ಮಾಡಿಸಿ ಜೀವ ತೆಗೆದದ್ದು ಹಣ ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿ, ಕಲಿಕೆಗೆ ನೆರವಾಗುವ ಆಟಗಳನ್ನು ಬೇರೆಯಾಗಿಯೇ ಇಟ್ಟಿದೆ. ಕಾನೂನು ಮಾಡಿದ ಈ ವ್ಯತ್ಯಾಸವನ್ನು ಚರ್ಚೆ ಮಾಡುವವರೂ ಮಾಡಬೇಕು.

ಅಪರಿಚಿತರ ಭಯ ಬೇರೆ, ಅದು ನ್ಯಾಯವಾದದ್ದು. ಯಾರು ಬೇಕಾದರೂ ಬರಬಹುದಾದ ಸಾರ್ವಜನಿಕ ಸರ್ವರ್‌ಗೆ ಮಗುವನ್ನು ಕಳಿಸುವುದು ಎಂದರೆ ಗೊತ್ತಿಲ್ಲದ ದೊಡ್ಡವರ ನಡುವೆ ಬಿಟ್ಟು ಬರುವುದೇ. 2014ರಲ್ಲಿ ಡೆನ್ಮಾರ್ಕಿನ ಭೂಮಾಪನ ಇಲಾಖೆ ಇಡೀ ದೇಶವನ್ನು ಅಳತೆಗೆ ಅಳತೆಯಾಗಿ ಮೈನ್‌ಕ್ರಾಫ್ಟ್‌ನಲ್ಲಿ ರೂಪಿಸಿ ಶಾಲೆಗಳಿಗೂ ಜನರಿಗೂ ತೆರೆದಿಟ್ಟಿತು. ಡೈನಮೈಟ್ ಬಳಸದಂತೆ ತಡೆದಿದ್ದರು. ಗಾಡಿಯೊಳಗೆ ಇಟ್ಟ ಡೈನಮೈಟಿಗೆ ಮಾತ್ರ ತಡೆ ಇರಲಿಲ್ಲ. ಕಿಡಿಗೇಡಿಗಳು ಅದನ್ನು ಪತ್ತೆಹಚ್ಚಿ ಕೆಲವು ಕಡೆ ಕಟ್ಟಡಗಳನ್ನು ಉಡಾಯಿಸಿ ಅಮೆರಿಕದ ಬಾವುಟ ನೆಟ್ಟು ಹೋದರು. ಒಂದು ದೇಶದ ಇಲಾಖೆಗೇ ಹೀಗಾದರೆ ಬಾಗಿಲು ತೆರೆದಿಟ್ಟ ಯಾವ ತರಗತಿಯೂ ಸುರಕ್ಷಿತವಲ್ಲ. ಆದ್ದರಿಂದ ಬಾಗಿಲು ಹಾಕಿರಬೇಕು. ಶಾಲೆಗಳಿಗೆಂದು ಇರುವ ಆವೃತ್ತಿಯಲ್ಲಿ ಶಾಲೆಯ ಖಾತೆ ಇಲ್ಲದೆ ಒಳಗೆ ಬರಲಾಗದು. ಖಾಸಗಿ ಸರ್ವರ್‌ನಲ್ಲಾದರೆ ಹೆಸರಿನ ಪಟ್ಟಿ ಇಡಬಹುದು, ಪಟ್ಟಿಯಲ್ಲಿ ಇಲ್ಲದವರಿಗೆ ಪ್ರವೇಶವಿಲ್ಲ. ನನ್ನಲ್ಲಿ ಪಟ್ಟಿ ಇದೆ, ಮಕ್ಕಳ ಮಧ್ಯೆ ಖಾಸಗಿ ಚಾಟ್ ಇಲ್ಲ, ಯಾವ ಪಾಲಕರು ಬೇಕಾದರೂ ಯಾವ ಹೊತ್ತಿನಲ್ಲಾದರೂ ಪಾಠಕ್ಕೆ ಬಂದು ಕೂರಬಹುದು. ತರಗತಿ ನಡೆಸುವವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಗೆ ಮಗುವನ್ನು ಕಳಿಸಬೇಡಿ.

ಒಂದು ಕಂಪನಿಯ ಮಾಲನ್ನು ಶಾಲೆಯೊಳಗೆ ತರುತ್ತೀರಾ ಎಂದೂ ಕೇಳುತ್ತಾರೆ. 2014ರಲ್ಲಿ 250 ಕೋಟಿ ಡಾಲರ್ ಕೊಟ್ಟು ಈ ಆಟದ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಂಡದ್ದು ಸೇವೆಗಾಗಿ ಅಲ್ಲ, ಲಾಭಕ್ಕಾಗಿ. ಆ ಕಂಪನಿ ಬೇಡವೆಂದರೆ ಇದೇ ಮಾದರಿಯ ಲುವಾಂಟಿ ಎಂಬ ಸ್ವತಂತ್ರ ತಂತ್ರಾಂಶ ಇದೆ. ಫಿನ್ಲೆಂಡಿನ ಪೆರ್ಟು ಅಹೊಲಾ 2010ರಲ್ಲಿ ಶುರುಮಾಡಿದ್ದು, 2024ರವರೆಗೆ ಅದರ ಹೆಸರು ಮೈನ್‌ಟೆಸ್ಟ್ ಎಂದಿತ್ತು. ಕಾಸು ಕೊಡಬೇಕಿಲ್ಲ, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಸುತ್ತಳತೆಯ ಪಾಠ, ನಕ್ಷತ್ರದ ಪಾಠ ಎರಡನ್ನೂ ಅದರಲ್ಲಿ ಹಾಗೆಯೇ ಮಾಡಬಹುದು.

ಬಡ ಮಕ್ಕಳ ಪ್ರಶ್ನೆ ಇದಕ್ಕೆ ತಾಗಿಕೊಂಡೇ ಇದೆ, ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಮನೆಗೆಲ್ಲ ಒಂದೇ ಮೊಬೈಲು, ಅದೂ ಅಪ್ಪ ಕೆಲಸದಿಂದ ಬಂದ ಮೇಲೆ ಸಿಗುವುದು ಎಂಬಂಥ ಮಗುವಿಗೆ ಆನ್‌ಲೈನ್‌ನ ಯಾವ ಪಾಠವೂ ಸರಿಯಾಗಿ ತಲುಪದು. ಆದರೆ ತಲೆಗೊಂದು ಕಂಪ್ಯೂಟರ್ ಬೇಕೇಬೇಕು ಎಂಬುದು ನಿಜವಲ್ಲ. ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ 2012ರಲ್ಲಿ ಈ ಆಟದ ಕಂಪನಿಯ ಜೊತೆ ಸೇರಿ ಬಡಾವಣೆಯ ಜನರಿಂದಲೇ ಅವರ ಮೈದಾನ, ಬೀದಿಗಳ ವಿನ್ಯಾಸ ಮಾಡಿಸತೊಡಗಿತು. ನೈರೋಬಿಯ ಕಿಬೇರಾ ಕೊಳೆಗೇರಿಯಿಂದ ಶುರುವಾದದ್ದು ಮುಂಬೈಗೂ ಬಂತು. ಆ ಶಿಬಿರಗಳಲ್ಲಿ ಒಂದು ಕಂಪ್ಯೂಟರಿಗೆ ಮೂರು ನಾಲ್ಕು ಜನ ಕೂರುತ್ತಿದ್ದರು. ಒಬ್ಬರ ಕೈ, ಉಳಿದವರ ಬಾಯಿ. ಸರ್ಕಾರಿ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಲುವಾಂಟಿ ಹಾಕಿ, ದೂರದ ಶಿಕ್ಷಕರೊಬ್ಬರು ಹೀಗೆ ಪಾಠ ಮಾಡಬಹುದು. ಬಡವರಿಗೆ ಇಲ್ಲ ಎಂದು ಕೊರಗುವವರು ಆ ಕೋಣೆಯ ಬೀಗ ತೆಗೆಸಲು ನನ್ನ ಜೊತೆ ಕೈಜೋಡಿಸಲಿ.

ಮಣ್ಣಿನಲ್ಲಿ ಆಡಲಿ, ಮರ ಹತ್ತಲಿ ಎನ್ನುವವರಿಗೆ: ಆಡಲಿ, ಹತ್ತಲಿ. ವಾರದ ಮುಕ್ಕಾಲು ಗಂಟೆ ಅದಕ್ಕೆ ಅಡ್ಡ ಬಾರದು.

ಕೊನೆಯ ಆಕ್ಷೇಪ ಹೊರದೇಶದ ಕನ್ನಡಿಗರಿಂದ ಬಂದದ್ದು. ಇಂಗ್ಲಿಷಿನ ಆಟ, ಇದರಿಂದ ಇದ್ದಬದ್ದ ಕನ್ನಡವೂ ಹೋಗುತ್ತದೆ ಎನ್ನುತ್ತಾರೆ. ಆಟದ ಭಾಷೆಗಳ ಪಟ್ಟಿಯಲ್ಲಿ ಸ್ವಯಂಸೇವಕರು ಅನುವಾದಿಸಿದ ಕನ್ನಡವೂ ಇದೆ, ಆದರೆ ನನ್ನ ಉತ್ತರ ಅದಲ್ಲ. ಜರ್ಮನಿ, ಅಮೆರಿಕದಲ್ಲಿರುವ ಕೆಲವು ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಅವರಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬಾಯಿ ಬರುವುದಿಲ್ಲ. ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅವರನ್ನು ಊರಿನ ಮಕ್ಕಳ ಜೊತೆ ಜೋಡಿ ಮಾಡುತ್ತೇನೆ. ಒಬ್ಬರ ಬಳಿ ಚಿತ್ರ ಇರುತ್ತದೆ, ಕಟ್ಟುವವರು ಅದನ್ನು ನೋಡುವಂತಿಲ್ಲ. ಮಾತಿನಲ್ಲೇ ಹೇಳಿ ಕಟ್ಟಿಸಬೇಕು, ಕನ್ನಡದಲ್ಲೇ ಹೇಳಬೇಕು. “ಎಡಕ್ಕೆ ಹೋಗು. ಎರಡು ಬಿಟ್ಟು ಮೂರನೇದರ ಮೇಲೆ ಇಡು. ಅಲ್ಲ ಕಣೋ, ಅದರ ಹಿಂದೆ!” ಹೀಗೆ ಬೈಸಿಕೊಂಡ ಮ್ಯೂನಿಕ್‌ನ ಹುಡುಗ, ತನ್ನ ಸರದಿ ಬಂದಾಗ ಮೊದಲು ತಡವರಿಸಿದ, ಆಮೇಲೆ “ಇನ್ನೂ ಸ್ವಲ್ಪ ಮುಂದೆ ಇಡೇ, ಬೀಳಲ್ಲ” ಎಂದ. ತಪ್ಪು ಹೇಳಿದರೆ ಗೋಡೆ ಸೊಟ್ಟ ಬರುತ್ತದೆ, ಆದ್ದರಿಂದ ಸರಿಯಾಗಿ ಹೇಳಲೇಬೇಕು. ಮನೆಯಲ್ಲಿ ಅಮ್ಮನಿಗೆ ಇಂಗ್ಲಿಷ್ ತಿಳಿಯುತ್ತದೆ, ಅಲ್ಲಿ ಆ ಅಗತ್ಯವೇ ಬೀಳುವುದಿಲ್ಲ. ಆಡುಮಾತಿಗೆ ಇಷ್ಟು ಸಾಕು. ಓದು, ಬರಹಕ್ಕೆ ಪುಸ್ತಕವೇ ಬೇಕು. ಅದನ್ನು ಬೇರೆ ದಿನ, ಕಂಪ್ಯೂಟರ್ ಆಫ್ ಮಾಡಿಸಿ, ಫೋನಿನಲ್ಲಿ ಗಟ್ಟಿಯಾಗಿ ಓದಿಸಿ ಕೇಳಿಸಿಕೊಳ್ಳುತ್ತೇನೆ.